ಮೂರನೇ ಸ್ಥಾನದ ಬೆಲೆ: ಸ್ಪೀಡ್‌ವೇ ಅರ್ಹತಾ ಕೂಟದ ಕುರಿತು

(ಕೋಲಾರದಲ್ಲಿ ಮೋಟಾರು ಕ್ರೀಡೆಯ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಲಾಗಿದೆ.)

ಸಭೆಯಲ್ಲಿರುವ ಹಿರಿಯರಿಗೂ, ಪಾಳಿ ಮುಗಿಸಿಕೊಂಡು ನೇರವಾಗಿ ಇಲ್ಲಿಗೆ ಬಂದಿರುವ ಕಾರ್ಖಾನೆಯ ಗೆಳೆಯರಿಗೂ, ಗ್ಯಾರೇಜಿನ ಶಟರ್ ಬೇಗ ಎಳೆದು ಬಂದಿರುವ ಮೆಕ್ಯಾನಿಕ್ ಮಿತ್ರರಿಗೂ ನಮಸ್ಕಾರ.

ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ನರಸಾಪುರದಲ್ಲಿ 2013ರಿಂದ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿ, ಹಾಗೆ ಮಾಡಿದ ಮೊದಲ ಭಾರತೀಯ ಎನಿಸಿಕೊಂಡ ಸಿ.ಎಸ್. ಸಂತೋಷ್ ಅವರು ಮಣ್ಣಿನ ಹಾದಿಯ ಸವಾರಿ ಕಲಿಸುವ ತಾಣವನ್ನು ಕಟ್ಟಿದ್ದು ಇದೇ ಜಿಲ್ಲೆಯ ನೆಲದಲ್ಲಿ. ಆದ್ದರಿಂದ ಮಣ್ಣಿನ ಮೇಲೆ ಬೈಕ್ ಓಡಿಸುವುದೆಂದರೇನು ಎಂಬುದನ್ನು ವಿವರಿಸಲು ನಾನು ಸಮಯ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಅಷ್ಟಾಗಿ ಪರಿಚಯವಿಲ್ಲದ, ಆದರೆ ಪೋಲೆಂಡ್, ಡೆನ್ಮಾರ್ಕ್, ಸ್ವೀಡನ್, ಬ್ರಿಟನ್ ದೇಶಗಳಲ್ಲಿ ತಲೆಮಾರುಗಳಿಂದ ಜನರನ್ನು ಕ್ರೀಡಾಂಗಣಕ್ಕೆ ಸೆಳೆಯುತ್ತಿರುವ ಸ್ಪೀಡ್‌ವೇ ಎಂಬ ಓಟದ ಬಗ್ಗೆ, ಅದರಲ್ಲಿಯೂ ಅದರ ವಿಶ್ವ ಚಾಂಪಿಯನ್‌ಷಿಪ್‌ಗೆ ಸವಾರರನ್ನು ಆರಿಸುವ ಅಂತರರಾಷ್ಟ್ರೀಯ ಅರ್ಹತಾ ಕೂಟದ ಬಗ್ಗೆ ಮಾತನಾಡಲು ಬಂದಿದ್ದೇನೆ.

ವಿಶ್ವ ಚಾಂಪಿಯನ್ನರ ಕಥೆಯನ್ನು ಬಿಟ್ಟು ಅರ್ಹತಾ ಕೂಟವನ್ನು ಏಕೆ ಆರಿಸಿಕೊಂಡೆ ಎಂದು ಕೆಲವರು ಕೇಳಿದ್ದಾರೆ. ಈ ಕ್ರೀಡೆಯ ಲೆಕ್ಕಾಚಾರವೂ ಅದರ ನ್ಯಾಯವೂ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಫೈನಲ್‌ನಲ್ಲಿ ಎಲ್ಲರ ಕಣ್ಣೂ ಮುಂದೆ ಓಡುವವನ ಮೇಲಿರುತ್ತದೆ. ಅರ್ಹತಾ ಕೂಟದಲ್ಲಿ ಕಣ್ಣಿಡಬೇಕಾದದ್ದು ಮೂರನೆಯವನ ಮೇಲೆ. ಅವನು ಕೊನೆಯ ತಿರುವಿನಲ್ಲಿ ನಾಲ್ಕನೆಯವನನ್ನು ಹಿಂದೆಯೇ ಉಳಿಸಿಕೊಂಡು ಗಳಿಸುವ ಒಂದೇ ಒಂದು ಅಂಕವು ಮುಂದಿನ ಇಡೀ ವರ್ಷ ಅವನು ಎಲ್ಲಿ ಓಡುತ್ತಾನೆ ಎಂಬುದನ್ನು ತೀರ್ಮಾನಿಸಬಹುದು. ಈ ಮಾತನ್ನು ಒಪ್ಪಿಸಬೇಕಾದರೆ ಮೊದಲು ಓಟದ ಸ್ವರೂಪವನ್ನೂ, ಬಳಿಕ ಕೂಟದ ಪಟ್ಟಿ ಹೆಣೆದ ರೀತಿಯನ್ನೂ ಹೇಳಬೇಕು.

ಸ್ಪೀಡ್‌ವೇ ಓಟದಲ್ಲಿ ನಾಲ್ವರು ಸವಾರರು ಅಂಡಾಕಾರದ ಮಣ್ಣಿನ ಟ್ರ್ಯಾಕಿನ ಮೇಲೆ ನಾಲ್ಕು ಸುತ್ತು ಓಡುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟ್ರ್ಯಾಕಿನ ಉದ್ದ 260ರಿಂದ 425 ಮೀಟರ್ ಒಳಗಿರಬೇಕು. ಒಂದು ಓಟ ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಓಟ ಯಾವಾಗಲೂ ಎಡಕ್ಕೆ ತಿರುಗುತ್ತದೆ. ಬೈಕಿಗೆ 500 ಸಿಸಿಯ ಒಂಟಿ ಸಿಲಿಂಡರಿನ ಎಂಜಿನ್ ಇರುತ್ತದೆ, ಇಂಧನ ಮೆಥನಾಲ್, ಗೇರ್ ಒಂದೇ. ಹಿಂದಿನ ಚಕ್ರಕ್ಕೆ ಸಸ್ಪೆನ್ಶನ್ ಇರುವುದಿಲ್ಲ. ಬ್ರೇಕ್ ಅಂತೂ ಯಾವ ಚಕ್ರಕ್ಕೂ ಇರುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವ ಬೈಕಿನ ಕನಿಷ್ಠ ತೂಕ 77 ಕಿಲೋ. ನಮ್ಮ ರಸ್ತೆಯ ಮೇಲೆ ಓಡುವ ಸಾಮಾನ್ಯ 100 ಸಿಸಿ ಬೈಕಿಗಿಂತಲೂ ಹಗುರವಾದ ಈ ಚೌಕಟ್ಟಿನ ಮೇಲೆ ಅದರ ಹಲವು ಪಟ್ಟು ಶಕ್ತಿಯ ಎಂಜಿನ್ನನ್ನು ಕೂರಿಸಲಾಗಿರುತ್ತದೆ.

ಬ್ರೇಕ್ ಇಲ್ಲದಿರುವುದನ್ನು ಕೇಳಿದವರು ಮೊದಲು ಬೆಚ್ಚುತ್ತಾರೆ. ಆದರೆ ಒಂದು ಗಳಿಗೆ ಯೋಚಿಸಿದರೆ ಅದರ ಕಾರಣ ಹೊಳೆಯುತ್ತದೆ. ಒಬ್ಬರಿಗೊಬ್ಬರು ಮೊಣಕೈ ತಾಗುವಷ್ಟು ಹತ್ತಿರದಲ್ಲಿ ನಾಲ್ವರು ಓಡುತ್ತಿರುವಾಗ ಮುಂದಿನವನು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದರೆ ಹಿಂದಿನವನು ಅವನ ಮೇಲೇ ಬೀಳುತ್ತಾನೆ. ಬ್ರೇಕೇ ಇಲ್ಲದಿದ್ದರೆ ಎಲ್ಲರ ವೇಗವೂ ಒಂದೇ ಬಗೆಯಲ್ಲಿ, ಅಂದರೆ ಜಾರುವುದರ ಮೂಲಕ, ಇಳಿಯುತ್ತದೆ. ತಿರುವಿಗೆ ಬರುತ್ತಿದ್ದಂತೆ ಸವಾರನು ಬೈಕನ್ನು ಎಡಕ್ಕೆ ವಾಲಿಸಿ, ಎಂಜಿನ್ನಿನ ಬಲದಿಂದಲೇ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತಾನೆ. ಆಗ ಬೈಕ್ ಎಡಕ್ಕೆ ತಿರುಗುತ್ತಿದ್ದರೂ ಮುಂದಿನ ಚಕ್ರ ಬಲಕ್ಕೆ ನೋಡುತ್ತಿರುತ್ತದೆ. ಎಡಗಾಲಿನ ಬೂಟಿಗೆ ತೊಡಿಸಿದ ಉಕ್ಕಿನ ಪಾದುಕೆ ನೆಲವನ್ನು ಸವರುತ್ತಾ ಹೋಗುತ್ತದೆ. ಕ್ಲಚ್ಚಿನ ಕೆಲಸ ಬಹುಮಟ್ಟಿಗೆ ಓಟ ಹೊರಡುವ ಕ್ಷಣದಲ್ಲಿ ಮಾತ್ರ. ಆಮೇಲೆ ಎಲ್ಲವೂ ಬಲಗೈಯ ಆಕ್ಸಿಲರೇಟರಿನಲ್ಲಿ ಮತ್ತು ದೇಹದ ತೂಕವನ್ನು ಎಲ್ಲಿಡಬೇಕೆಂಬ ಅರಿವಿನಲ್ಲಿ ಅಡಗಿದೆ. ಸವಾರ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲೆಂದು ಅವನ ಬಲ ಮಣಿಕಟ್ಟಿಗೆ ಒಂದು ದಾರ ಕಟ್ಟಿರುತ್ತಾರೆ. ಅವನು ಬೈಕಿನಿಂದ ಬೇರೆಯಾದ ಕೂಡಲೇ ಆ ದಾರ ಸೆಳೆದು ಕಿಡಿ ನಿಲ್ಲುತ್ತದೆ.

ಎಂಜಿನ್ನಿನ ವಿಷಯದಲ್ಲಿ ಇಲ್ಲಿರುವ ಹಿರಿಯ ಮೆಕ್ಯಾನಿಕ್‌ಗಳಿಗೆ ಖುಷಿ ಕೊಡುವ ಎರಡು ಸಂಗತಿಗಳಿವೆ. ಮೊದಲನೆಯದು ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಬೈಕುಗಳನ್ನು ಬಿಚ್ಚಿ ಜೋಡಿಸಿದ ಕೈಗಳು ಈ ಸಭೆಯಲ್ಲಿವೆ. ಆ ಹೆಸರಿನ ಮೂಲ ಕಂಪನಿಗೆ ಸ್ಪೀಡ್‌ವೇ ಲೋಕದಲ್ಲಿ ದೊಡ್ಡ ಸ್ಥಾನವಿದೆ. ಯಾರೊಸ್ಲಾವ್ ಸಿಮಾಂಡ್ಲ್ ಎಂಬುವರು ಈಗಿನ ಚೆಕ್ ದೇಶದ ದಿವಿಶೊವ್ ಎಂಬ ಸಣ್ಣ ಊರಿನಲ್ಲಿ ಎಸೊ ಎಂಬ ಹೆಸರಿನಿಂದ ರೇಸಿಂಗ್ ಬೈಕುಗಳನ್ನು ತಯಾರಿಸುತ್ತಿದ್ದರು. 1964ರಲ್ಲಿ ಆ ಕಾರ್ಖಾನೆ ಜಾವಾದೊಳಗೆ ಸೇರಿತು, ಮುಂದೆ ದಶಕಗಳ ಕಾಲ ಜಗತ್ತಿನ ಸ್ಪೀಡ್‌ವೇ ಟ್ರ್ಯಾಕುಗಳ ಮೇಲೆ ಜಾವಾದ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು ಓಡಿದವು. ಇಂದು ಇಟಲಿಯ ಜಿ.ಎಂ. ಎಂಜಿನ್ನುಗಳದ್ದೇ ಮೇಲುಗೈ. ಎರಡನೆಯ ಸಂಗತಿ ಹರಳೆಣ್ಣೆಯದು. ಮೆಥನಾಲ್‌ನೊಂದಿಗೆ ಖನಿಜ ತೈಲಕ್ಕಿಂತ ಹರಳೆಣ್ಣೆ ಆಧಾರದ ಎಣ್ಣೆ ಚೆನ್ನಾಗಿ ಬಾಳುತ್ತದೆ ಎಂಬ ಕಾರಣದಿಂದ ಈ ಎಂಜಿನ್ನುಗಳಿಗೆ ಸಾಂಪ್ರದಾಯಿಕವಾಗಿ ಅದನ್ನೇ ಹಾಕುತ್ತಿದ್ದರು. ಓಟ ನಡೆಯುವಾಗ ಅದು ಸುಟ್ಟು ಬರುವ ವಾಸನೆಯನ್ನೇ ಈ ಕ್ರೀಡೆಯ ಗುರುತೆಂದು ಹಳೆಯ ಪ್ರೇಕ್ಷಕರು ಹೇಳುತ್ತಾರೆ.

ಇನ್ನು ಕೂಟದ ವಿಷಯ. ಅರ್ಹತಾ ಕೂಟದಲ್ಲಿ 16 ಸವಾರರು ಇರುತ್ತಾರೆ. 20 ಓಟಗಳು ನಡೆಯುತ್ತವೆ. ಒಂದೊಂದು ಓಟವನ್ನು ಹೀಟ್ ಎನ್ನುತ್ತಾರೆ. ಪ್ರತಿಯೊಬ್ಬನಿಗೂ ಐದು ಹೀಟ್‌ಗಳು. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ನಾಲ್ಕನೆಯವನಿಗೆ ಏನೂ ಇಲ್ಲ. ಐದನ್ನೂ ಗೆದ್ದವನಿಗೆ 15 ಅಂಕ. ಇಷ್ಟನ್ನು ಯಾವ ಪತ್ರಿಕೆಯ ವರದಿಯಾದರೂ ಹೇಳುತ್ತದೆ. ವರದಿಗಳು ಹೇಳದೆ ಬಿಡುವುದು ಇದರ ಹಿಂದಿರುವ ಜೋಡಣೆಯನ್ನು, ನನಗಂತೂ ಇಡೀ ಕ್ರೀಡೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗ ಅದೇ.

ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ನಾಲ್ಕು ಸಾಲಿಗೆ ನಾಲ್ಕು ಚುಕ್ಕಿ ಇಟ್ಟು ರಂಗೋಲಿ ಹಾಕುವಂತೆ, ಒಂದು ಹಾಳೆಯ ಮೇಲೆ 16 ಚುಕ್ಕಿಗಳನ್ನಿಟ್ಟು ಸಾಲಾಗಿ 1ರಿಂದ 16ರವರೆಗೆ ಅಂಕಿ ಬರೆಯಿರಿ. ಒಂದೊಂದು ಅಂಕಿಯೂ ಒಬ್ಬ ಸವಾರ. ಮೊದಲ ನಾಲ್ಕು ಹೀಟ್‌ಗಳು ನಾಲ್ಕು ಅಡ್ಡ ಸಾಲುಗಳು: 1, 2, 3, 4 ಒಂದು ಓಟದಲ್ಲಿ, 5ರಿಂದ 8 ಇನ್ನೊಂದರಲ್ಲಿ, ಹಾಗೆಯೇ ಮುಂದೆ. ಐದನೆಯದರಿಂದ ಎಂಟನೆಯವರೆಗಿನ ಹೀಟ್‌ಗಳು ನಾಲ್ಕು ಕಂಬ ಸಾಲುಗಳು: 1, 5, 9, 13 ಒಟ್ಟಿಗೆ, 2, 6, 10, 14 ಒಟ್ಟಿಗೆ. ಉಳಿದ ಹನ್ನೆರಡು ಹೀಟ್‌ಗಳಲ್ಲಿ ಪ್ರತಿ ಅಡ್ಡ ಸಾಲಿನಿಂದ ಒಬ್ಬ, ಪ್ರತಿ ಕಂಬ ಸಾಲಿನಿಂದ ಒಬ್ಬ ಎಂಬಂತೆ ನಾಲ್ವರನ್ನು ಆರಿಸುತ್ತಾ ಹೋಗುತ್ತಾರೆ. ಒಂಬತ್ತನೆಯ ಹೀಟ್‌ನಲ್ಲಿ 1, 6, 11, 16, ಅಂದರೆ ಮೂಲೆಯಿಂದ ಮೂಲೆಗೆ ಹೋಗುವ ಕರ್ಣ. ಮುಂದಿನವು ಸ್ವಲ್ಪ ಅಂಕುಡೊಂಕಾಗಿ ಹೋಗುತ್ತವೆ: 1, 7, 12, 14 ಒಂದು, 1, 8, 10, 15 ಇನ್ನೊಂದು. ಹೀಗೆ ಎಳೆದು ಮುಗಿಸಿದಾಗ ಒಂದು ವಿಚಿತ್ರವಾದ ಸಂಗತಿ ಗೋಚರಿಸುತ್ತದೆ. ಯಾವ ಇಬ್ಬರು ಸವಾರರನ್ನು ತೆಗೆದುಕೊಂಡರೂ ಅವರು ಒಂದೇ ಹೀಟ್‌ನಲ್ಲಿ ಎದುರಾಗುತ್ತಾರೆ. ಯಾರೂ ಯಾರನ್ನೂ ಎರಡು ಸಲ ಎದುರಿಸುವುದಿಲ್ಲ, ಯಾರೂ ಯಾರಿಂದಲೂ ತಪ್ಪಿಸಿಕೊಳ್ಳುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ಒಬ್ಬನಿಗೆ 15 ಎದುರಾಳಿಗಳು. ಒಂದು ಹೀಟ್‌ನಲ್ಲಿ ಮೂವರು ಸಿಗುತ್ತಾರೆ. ಐದು ಹೀಟ್‌ಗಳಲ್ಲಿ ಹದಿನೈದೂ ಮಂದಿ ಮುಗಿಯುತ್ತಾರೆ. ಒಟ್ಟು ಜೋಡಿಗಳು 120. ಪ್ರತಿ ಹೀಟ್‌ನಲ್ಲಿ ಆರು ಜೋಡಿಗಳ ಪರೀಕ್ಷೆಯಾಗುತ್ತದೆ. 20 ಹೀಟ್‌ಗಳಿಗೆ ಸರಿಯಾಗಿ 120. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಂಥ ಹೊಂದಾಣಿಕೆ ಎಲ್ಲ ಸಂಖ್ಯೆಗಳಿಗೂ ಸಾಧ್ಯವಾಗುವುದಿಲ್ಲ. ಓಟಕ್ಕೆ ಆರು ಮಂದಿಯಂತೆ 36 ಸವಾರರಿಗೆ ಇದೇ ನಿಯಮದ ಪಟ್ಟಿ ಮಾಡಲು ಹೊರಟರೆ, ಎಷ್ಟು ಜಾಣನಾದರೂ ಆಗುವುದಿಲ್ಲ, ಏಕೆಂದರೆ ಅಂಥ ಪಟ್ಟಿ ಇರುವುದೇ ಅಸಾಧ್ಯವೆಂದು ಗಣಿತ ಸಾಧಿಸಿದೆ. ಈ ಬಗೆಯ ಚೌಕಗಳ ಅಧ್ಯಯನದಲ್ಲಿ ನಮ್ಮ ದೇಶದವರ ಹೆಸರು ಮುಂಚೂಣಿಯಲ್ಲಿದೆ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ: ಗಣಿತಜ್ಞ ಆರ್.ಸಿ. ಬೋಸ್ ಅವರು 1938ರಲ್ಲಿಯೇ ಇವುಗಳ ರಚನೆಯ ಬಗ್ಗೆ ಬರೆದರು, ಮುಂದೆ 1959ರಲ್ಲಿ ಅವರೂ ಎಸ್.ಎಸ್. ಶ್ರೀಖಂಡೆಯವರೂ ಅಮೆರಿಕದ ಪಾರ್ಕರ್ ಅವರೂ ಸೇರಿ ಈ ಕ್ಷೇತ್ರದಲ್ಲಿ ಗಣಿತಜ್ಞ ಆಯ್ಲರನು ಮಾಡಿದ್ದ ಹಳೆಯ ಊಹೆಯೊಂದು ತಪ್ಪೆಂದು ತೋರಿಸಿಕೊಟ್ಟರು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಬೇರೆ ಕ್ರೀಡೆಗಳ ಅರ್ಹತಾ ಸುತ್ತುಗಳಲ್ಲಿ ಸೋತವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ನಮ್ಮ ಗುಂಪು ಕಠಿಣವಾಗಿತ್ತು, ಅವರ ಗುಂಪು ಸಲೀಸಾಗಿತ್ತು. ಹದಿನಾರು ಮಂದಿಯ ಸ್ಪೀಡ್‌ವೇ ಕೂಟದೊಳಗೆ ಆ ದೂರಿಗೆ ಜಾಗವಿಲ್ಲ. ಎಲ್ಲರೂ ಎಲ್ಲರನ್ನೂ ಎದುರಿಸಿದ್ದಾರೆ, ತಲಾ ಒಂದೇ ಸಲ. ಉಳಿಯುವ ಅದೃಷ್ಟದ ಅಂಶವೆಂದರೆ ಹೊರಡುವ ಜಾಗ ಮತ್ತು ನೆಲದ ಸ್ಥಿತಿ. ಓಟ ಹೊರಡುವ ಗೆರೆಗೆ ಅಡ್ಡಲಾಗಿ ಕಟ್ಟಿದ ಟೇಪಿನ ಹಿಂದೆ, ಗೇಟು ಎನ್ನುವ ನಾಲ್ಕು ನಿಲ್ಲುವ ಜಾಗಗಳಿದ್ದು, ಒಳಗಿನ ಒಂದನೆಯ ಗೇಟಿನಿಂದ ತಿರುವಿಗೆ ದಾರಿ ಹತ್ತಿರ, ಹೊರಗಿನ ನಾಲ್ಕನೆಯದರಿಂದ ದಾರಿ ಉದ್ದವಾದರೂ ವೇಗ ಕಟ್ಟಿಕೊಳ್ಳಲು ಜಾಗ ಹೆಚ್ಚು. ಒಬ್ಬನೇ ಸವಾರನಿಗೆ ಸದಾ ಒಳಗಿನ ಗೇಟು ಸಿಗದಂತೆ ಪಟ್ಟಿಯಲ್ಲಿಯೇ ಅವುಗಳನ್ನು ಹಂಚಿರುತ್ತಾರೆ. ಯಾರಿಗೆ ಯಾವ ಅಂಕಿ ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಆದರೆ ನೆಲ ಹೀಟ್‌ನಿಂದ ಹೀಟ್‌ಗೆ ಬದಲಾಗುತ್ತದೆ. ಓಡುವ ಚಕ್ರಗಳು ಉತ್ತು ಹಾಕಿದ ಮಣ್ಣು ಬೇಲಿಯ ಕಡೆಗೆ ಹೋಗಿ ಗುಡ್ಡೆಯಾಗುತ್ತದೆ, ಒಳಬದಿ ನುಣುಪಾಗುತ್ತದೆ. ಕೆಲವು ಹೀಟ್‌ಗಳಿಗೊಮ್ಮೆ ಟ್ರ್ಯಾಕ್ಟರ್ ಬಂದು ನೆಲ ಸರಿಪಡಿಸಿ, ಟ್ಯಾಂಕರ್ ನೀರು ಚಿಮುಕಿಸುತ್ತದೆ. ನೀರು ಹಾಕಿದ ಮರುಕ್ಷಣ ಓಡುವವನಿಗೆ ಸಿಗುವ ನೆಲವೇ ಬೇರೆ, ಆಮೇಲೆ ಓಡುವವನಿಗೆ ಸಿಗುವ ನೆಲವೇ ಬೇರೆ. ಅದನ್ನು ಓದಬಲ್ಲವನು ಅನುಭವಿ.

ಈಗ ಅಂಕಗಳಿಗೆ ಬರೋಣ. ಒಂದು ಹೀಟ್‌ನಲ್ಲಿ ಹಂಚಿಕೆಯಾಗುವುದು 6 ಅಂಕ. 20 ಹೀಟ್‌ಗಳಿಗೆ 120. ಹದಿನಾರು ಮಂದಿಗೆ ಹಂಚಿದರೆ ಸರಾಸರಿ ಏಳೂವರೆ. ಮುಂದಿನ ಹಂತಕ್ಕೆ ಹೋಗುವವರು ಮೊದಲ ಕೆಲವೇ ಮಂದಿ. ಆದ್ದರಿಂದ ನಿಜವಾದ ಸೆಣಸಾಟ ನಡೆಯುವುದು ಸರಾಸರಿಗಿಂತ ತುಸು ಮೇಲೆ, ಎಂಟು, ಒಂಬತ್ತು, ಹತ್ತು, ಹನ್ನೊಂದು ಅಂಕಗಳ ಕಿರಿದಾದ ಪಟ್ಟಿಯೊಳಗೆ. ಒಬ್ಬ ಸವಾರನು ಮೂರು ಹೀಟ್‌ಗಳನ್ನು ಭರ್ಜರಿಯಾಗಿ ಗೆದ್ದು ಎರಡರಲ್ಲಿ ಕೊನೆಯವನಾದ ಎನ್ನಿ. ಅವನಿಗೆ 9 ಅಂಕ. ಇನ್ನೊಬ್ಬನು ಒಂದನ್ನೂ ಗೆಲ್ಲದೆ ಐದರಲ್ಲಿಯೂ ಎರಡನೆಯವನಾದ ಎನ್ನಿ, ಅವನಿಗೆ 10. ಚಪ್ಪಾಳೆ ಸಿಕ್ಕಿದ್ದು ಮೊದಲಿನವನಿಗೆ, ಮುಂದಿನ ಹಂತಕ್ಕೆ ಹೋಗುವುದು ಎರಡನೆಯವನು. ಮೊದಲಿನವನು ಸೋತ ಆ ಎರಡು ಹೀಟ್‌ಗಳ ಪೈಕಿ ಒಂದರಲ್ಲಿ ಮೂರನೆಯ ಸ್ಥಾನವನ್ನಾದರೂ ಹಿಡಿದಿದ್ದರೆ ಇಬ್ಬರೂ ಸಮ. ನಾನು ಮೂರನೆಯವನನ್ನು ನೋಡಿ ಎಂದದ್ದು ಇದಕ್ಕೇ. ಗೆಲ್ಲುವ ದಿನ ಎಲ್ಲರೂ ಚೆನ್ನಾಗಿಯೇ ಓಡಿಸುತ್ತಾರೆ. ಹೊರಡುವಾಗಲೇ ಹಿಂದೆ ಬಿದ್ದ ಮೇಲೆ, ಮುಂದಿನವರ ಚಕ್ರದಿಂದ ಸಿಡಿಯುವ ಮಣ್ಣು ಮುಖಕ್ಕೆ ಬಡಿಯುತ್ತಿರುವಾಗ, ಕನ್ನಡಕದ ಮೇಲಿನ ತೆಳು ಹಾಳೆಯೊಂದನ್ನು ಕಿತ್ತೆಸೆದು ಮತ್ತೆ ಒಳದಾರಿಯನ್ನು ಹುಡುಕುವವನಲ್ಲಿ ಏನಿದೆಯೆಂಬುದು ಅರ್ಹತಾ ಕೂಟದಲ್ಲಿ ತಿಳಿಯುತ್ತದೆ.

ಇದರ ಮತ್ತೊಂದು ಮುಖವೂ ಇದೆ. ಓಟ ಹೊರಡುವ ಮುನ್ನ ಎರಡು ನಿಮಿಷದ ಗಡುವಿನ ಗಂಟೆ ಬಾರಿಸುತ್ತಾರೆ. ಅಷ್ಟರೊಳಗೆ ಸವಾರ ಟೇಪಿನ ಹತ್ತಿರ ಇರಬೇಕು. ಮೆಕ್ಯಾನಿಕ್ ಬೈಕನ್ನು ತಳ್ಳಿ ಚಾಲೂ ಮಾಡಿ ಕೊಡುತ್ತಾನೆ. ಕೆಂಪು, ನೀಲಿ, ಬಿಳಿ, ಹಳದಿ ಹೊದಿಕೆಯ ಹೆಲ್ಮೆಟ್ಟುಗಳ ನಾಲ್ವರು ಸಾಲಾಗಿ ನಿಂತು, ಬೂಟಿನ ತುದಿಯಿಂದ ಹಿಂದಿನ ಚಕ್ರದ ಜಾಗದ ಮಣ್ಣನ್ನು ಕೆದಕಿ ಸರಿಮಾಡಿಕೊಳ್ಳುತ್ತಾರೆ. ಟೇಪು ಮೇಲೆ ಹಾರುವ ಕ್ಷಣವನ್ನು ನಿರ್ಧರಿಸುವವರು ರೆಫರಿ. ಆತುರದಿಂದ ಟೇಪನ್ನು ಮುಟ್ಟಿದವನನ್ನು ಆ ಹೀಟ್‌ನಿಂದ ಹೊರಗಿಟ್ಟು, ಮೀಸಲು ಸವಾರನಿಗೆ ಅವಕಾಶ ಕೊಡುತ್ತಾರೆ. ಯಾರಾದರೂ ಬಿದ್ದು ಓಟ ನಿಂತರೆ, ಅದಕ್ಕೆ ಮುಖ್ಯ ಕಾರಣನಾದವನು ಮರು ಓಟದಲ್ಲಿ ಇರುವುದಿಲ್ಲ. ಐದೇ ಹೀಟ್‌ಗಳಿರುವಲ್ಲಿ ಹೀಗೆ ಒಂದು ಶೂನ್ಯ ಬಂದರೆ ಕೂಟವೇ ಕೈತಪ್ಪಬಹುದು. ಆದ್ದರಿಂದ ಮೂರನೆಯ ಸ್ಥಾನದಲ್ಲಿರುವವನು ಎರಡನೆಯವನ ಮೇಲೆ ನುಗ್ಗುವಾಗ ಒಂದು ಅಂಕ ಗಳಿಸುವ ಆಸೆಯನ್ನೂ ಕೈಯಲ್ಲಿರುವ ಒಂದನ್ನು ಕಳೆದುಕೊಳ್ಳುವ ಭಯವನ್ನೂ ಒಟ್ಟಿಗೆ ತೂಗುತ್ತಿರುತ್ತಾನೆ. ಅದೂ ಬ್ರೇಕಿಲ್ಲದ ಬೈಕಿನ ಮೇಲೆ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ.

ಈ ಕೂಟಗಳು ನಡೆಯುವ ಊರುಗಳ ಬಗ್ಗೆ ಕೋಲಾರದಲ್ಲಿ ನಿಂತು ಹೇಳುವುದು ನನಗೆ ಸಂತೋಷದ ವಿಷಯ. ಇವು ಬಹುಪಾಲು ರಾಜಧಾನಿಗಳಲ್ಲಿ ನಡೆಯುವುದಿಲ್ಲ. ಜರ್ಮನಿಯ ಬವೇರಿಯಾದ ಆಬೆನ್ಸ್‌ಬರ್ಗ್, ಇಟಲಿಯ ಲೊನಿಗೊ, ಸ್ಲೊವಾಕಿಯಾದ ಜಾರ್ನೊವಿತ್ಸಾ, ಕ್ರೊಯೇಷಿಯಾದ ಗೊರಿಚಾನ್, ಸ್ಲೊವೇನಿಯಾದ ಕ್ರ್ಷ್ಕೊ, ಫ್ರಾನ್ಸಿನ ಲಮೊತ್ ಲಾಂದ್ರೊನ್ ಮುಂತಾದ ಸಣ್ಣ ಊರುಗಳೇ ಹಲವು ವರ್ಷ ಇವುಗಳಿಗೆ ಆತಿಥ್ಯ ನೀಡಿವೆ. ಇವುಗಳಲ್ಲಿ ಕೆಲವು ನಮ್ಮ ಮಾಲೂರು, ಬಂಗಾರಪೇಟೆಗಳಿಗಿಂತಲೂ ಚಿಕ್ಕವು. ಜಾರ್ನೊವಿತ್ಸಾದಿಂದಲೇ ಮಾರ್ಟಿನ್ ವಾತ್ಸುಲಿಕ್ ಎಂಬ ಸವಾರ ಬಂದು ವಿಶ್ವದ ಅಗ್ರ ಪಂಕ್ತಿಯಲ್ಲಿ ವರ್ಷಗಟ್ಟಲೆ ನಿಂತರು. ಪೋಲೆಂಡಿನ ಲೀಗಿನಲ್ಲಿ ವಾರವಾರವೂ ಓಡುವ ವೃತ್ತಿಪರ ಸವಾರನ ಪಕ್ಕದ ಗೇಟಿನಲ್ಲಿಯೇ, ಸ್ಪೀಡ್‌ವೇ ಇನ್ನೂ ಬೇರುಬಿಡದ ದೇಶದಿಂದ ವ್ಯಾನಿನಲ್ಲಿ ತನ್ನದೇ ಬೈಕು ಹಾಕಿಕೊಂಡು ಬಂದ ಹುಡುಗ ನಿಲ್ಲುವುದು ಅರ್ಹತಾ ಕೂಟದಲ್ಲಿ ಮಾತ್ರ ಸಾಧ್ಯ.

ವ್ಯವಸ್ಥೆ ಸ್ಥೂಲವಾಗಿ ಹೀಗಿದೆ. ಪ್ರತಿ ದೇಶದ ಒಕ್ಕೂಟ ತನಗೆ ಸಿಕ್ಕ ಸ್ಥಾನಗಳಿಗೆ ಸವಾರರನ್ನು ಹೆಸರಿಸುತ್ತದೆ. ಅವರು ಅರ್ಹತಾ ಸುತ್ತುಗಳಲ್ಲಿ ಓಡುತ್ತಾರೆ. ಅಲ್ಲಿ ಮೇಲೆ ಬಂದವರು ಗ್ರ್ಯಾನ್ ಪ್ರೀ ಚಾಲೆಂಜ್ ಎಂಬ ಒಂದೇ ದಿನದ ಕೂಟಕ್ಕೆ ಹೋಗುತ್ತಾರೆ. ಅಲ್ಲಿಂದ ಆಯಾ ವರ್ಷದ ನಿಯಮದಂತೆ ಮೂರೋ ನಾಲ್ಕೋ ಮಂದಿ ಮುಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಸರಣಿಗೆ ಪ್ರವೇಶ ಪಡೆಯುತ್ತಾರೆ. 1995ರಿಂದ ಸರಣಿಯ ಪದ್ಧತಿ ನಡೆದಿದೆ. ಅದಕ್ಕೆ ಮೊದಲು, 1936ರಿಂದ, ಒಂದೇ ರಾತ್ರಿಯ ಫೈನಲ್ ವಿಶ್ವ ಚಾಂಪಿಯನ್ನನನ್ನು ತೀರ್ಮಾನಿಸುತ್ತಿತ್ತು, 1939ರಿಂದ 1948ರವರೆಗಿನ ವರ್ಷಗಳನ್ನು ಬಿಟ್ಟು.

ಆ 1936ರ ಮೊದಲ ಫೈನಲ್ಲನ್ನು ಮರೆಯುವಂತಿಲ್ಲ. ಲಂಡನ್ನಿನ ವೆಂಬ್ಲಿಯಲ್ಲಿ ಅಂದು ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ತನ್ನ ಐದು ಹೀಟ್‌ಗಳನ್ನೂ ಗೆದ್ದರು. ಅಂದು ರಾತ್ರಿ ಅವರನ್ನು ಯಾರೂ ಸೋಲಿಸಲಿಲ್ಲ. ಆದರೂ ಅವರು ಚಾಂಪಿಯನ್ ಆಗಲಿಲ್ಲ, ಏಕೆಂದರೆ ಅರ್ಹತಾ ಸುತ್ತುಗಳಲ್ಲಿ ಗಳಿಸಿದ್ದ ಬೋನಸ್ ಅಂಕಗಳನ್ನೂ ಫೈನಲ್ಲಿನ ಅಂಕಗಳೊಂದಿಗೆ ಕೂಡಿಸುವ ನಿಯಮ ಆಗ ಇತ್ತು. ಕೂಡಿಸಿದಾಗ ವಿಲ್ಕಿನ್ಸನ್ ಒಂದು ಅಂಕದಿಂದ ಹಿಂದೆ ಬಿದ್ದರು. ಲಯನೆಲ್ ವಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ಸಮಬಲರಾಗಿ, ಮರು ಓಟದಲ್ಲಿ ವಾನ್ ಪ್ರಾಗ್ ಗೆದ್ದರು. ವಿಲ್ಕಿನ್ಸನ್‌ಗೆ ಪ್ರಶಸ್ತಿ ಬಂದದ್ದು 1938ರಲ್ಲಿ. ಆ ನಿಯಮ ಸರಿಯೇ ಎಂದು ನನ್ನನ್ನು ಕೇಳಿದರೆ, ಫೈನಲ್ಲಿನಲ್ಲಿ ಸೋಲದವನನ್ನು ಸೋತವನೆನ್ನುವುದು ನ್ಯಾಯವಲ್ಲ ಎಂದೇ ಹೇಳುತ್ತೇನೆ. ಆದರೆ ವಿಲ್ಕಿನ್ಸನ್ ಅವರ ಸೋಲು ತೀರ್ಮಾನವಾದದ್ದು ವೆಂಬ್ಲಿಯಲ್ಲಲ್ಲ, ಅದಕ್ಕೆ ಹಿಂದಿನ ವಾರಗಳಲ್ಲಿ, ಯಾರೂ ಅಷ್ಟಾಗಿ ನೆನಪಿಟ್ಟುಕೊಳ್ಳದ ಯಾವುದೋ ಸಣ್ಣ ಹೀಟ್‌ನಲ್ಲಿ ಎಂಬುದು ಮಾತ್ರ ನಿಜ.

ಇತ್ತೀಚಿನ ಉದಾಹರಣೆ ಬೇಕಾದರೆ 2025ರ ಸರಣಿಯನ್ನು ನೋಡಬಹುದು. ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಜ್ ಅರ್ಹತೆಯ ಹಾದಿಯಲ್ಲಿ ಬಂದು ಮೊದಲ ಬಾರಿಗೆ ಪೂರ್ಣಾವಧಿಯ ಸರಣಿಗೆ ಕಾಲಿಟ್ಟವರು. ಆ ವರ್ಷದ ಕೊನೆಯಲ್ಲಿ ಪೋಲೆಂಡಿನ ಬಾರ್ಟೊಷ್ ಜ್ಮಾರ್ಜ್ಲಿಕ್ ತಮ್ಮ ಆರನೆಯ ವಿಶ್ವ ಪ್ರಶಸ್ತಿಯನ್ನು ಗೆದ್ದು, ನ್ಯೂಜಿಲೆಂಡಿನ ಐವನ್ ಮಾಗರ್ ಮತ್ತು ಸ್ವೀಡನ್ನಿನ ಟೋನಿ ರಿಕಾರ್ಡ್ಸನ್ ಅವರ ದಾಖಲೆಯನ್ನು ಸರಿಗಟ್ಟಿದರು, ಕರ್ಟ್ಜ್ ಎರಡನೆಯವರಾದರು. ಇಡೀ ವರ್ಷದ ಓಟಗಳ ನಂತರ ಇಬ್ಬರ ನಡುವೆ ಉಳಿದ ಅಂತರ ಒಂದೇ ಅಂಕ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

ಗ್ಯಾರೇಜ್ ನಡೆಸುವ ಹಿರಿಯರೊಬ್ಬರು, ಗೇರ್ ಒಂದೇ ಆದರೆ ಹೀಟ್‌ಗಳ ನಡುವೆ ಮೆಕ್ಯಾನಿಕ್‌ಗೆ ಏನು ಕೆಲಸ ಎಂದು ಕೇಳಿದರು. ಗೇರ್ ಒಂದೇ ಆಗಿರುವುದರಿಂದಲೇ ಅವನಿಗೆ ಕೆಲಸ ಹೆಚ್ಚು. ನೆಲ ಒಣಗಿ ಹಿಡಿತ ಬದಲಾದರೆ ಹಿಂದಿನ ಸ್ಪ್ರಾಕೆಟ್ ತೆಗೆದು ಒಂದೆರಡು ಹಲ್ಲು ಹೆಚ್ಚುಕಡಿಮೆ ಇರುವುದನ್ನು ಹಾಕಬೇಕು. ಕಾರ್ಬ್ಯುರೇಟರಿನ ಜೆಟ್ ಬದಲಾಯಿಸಬೇಕು. ಕ್ಲಚ್ ಪ್ಲೇಟುಗಳನ್ನು ನೋಡಬೇಕು. ಸವೆದ ಹಿಂದಿನ ಟೈರನ್ನು ತಿರುಗಿಸಿ ಹಾಕಬೇಕು. ಯಾಕೆ ಹಿಂದೆ ಬಿದ್ದೆ ಎಂದು ಸವಾರ ಹೇಳುವ ಎರಡು ಮಾತಿನಿಂದಲೇ ತಪ್ಪು ಎಂಜಿನ್ನಿನದೋ ನೆಲದ್ದೋ ಸವಾರನದೋ ಎಂದು ಅವನು ಊಹಿಸಬೇಕು. ಅರ್ಹತಾ ಕೂಟದಲ್ಲಿ ಮೊದಲ ಹೀಟ್‌ನಲ್ಲಿ ಶೂನ್ಯ ಪಡೆದವನು ಐದನೆಯದರ ಹೊತ್ತಿಗೆ ಮುಂದಿನ ಹಂತಕ್ಕೆ ಏರಿದ್ದರೆ, ಅದರಲ್ಲಿ ಅರ್ಧ ಪಾಲು ಬೈಕ್ ಸರಿಪಡಿಸುವ ಜಾಗವಾದ ಪಿಟ್ಟಿನಲ್ಲಿ ಮೊಣಕಾಲೂರಿ ಕೂತವನಿಗೆ ಸಲ್ಲಬೇಕು.

ಕಾಲೇಜು ವಿದ್ಯಾರ್ಥಿನಿಯೊಬ್ಬರು, ಇಂಥ ಟ್ರ್ಯಾಕ್ ನಮ್ಮ ಜಿಲ್ಲೆಯಲ್ಲಿ ಸಾಧ್ಯವೇ, ನಮ್ಮವರು ಅಲ್ಲಿಗೆ ಹೋಗಬಹುದೇ ಎಂದು ಕೇಳಿದರು. ಜಾಗದ ದೃಷ್ಟಿಯಿಂದ ಕಷ್ಟವಿಲ್ಲ. 300 ಮೀಟರಿನ ಅಂಡಾಕಾರದ ಟ್ರ್ಯಾಕ್ ಒಂದು ಸಾಧಾರಣ ಕ್ರೀಡಾಂಗಣದೊಳಗೆ ಕೂರುತ್ತದೆ. ಕಷ್ಟವಿರುವುದು ಮಣ್ಣು ಮತ್ತು ನೀರಿನದು. ನೆಲ ಗಟ್ಟಿಯಾಗಿ ಕಟ್ಟಿಕೊಂಡಿರಬೇಕು, ಮೇಲ್ಪದರ ಮಾತ್ರ ಸಡಿಲವಾಗಿರಬೇಕು. ಬಿಸಿಲಿನಲ್ಲಿ ಅದನ್ನು ಹಾಗೆ ಉಳಿಸಿಕೊಳ್ಳಲು ಓಟದ ದಿನವಿಡೀ ನೀರು ಬೇಕು. ಕೊಳವೆಬಾವಿಗಳು ಎಷ್ಟು ಆಳಕ್ಕೆ ಹೋಗಿವೆ ಎಂಬುದು ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿರುವ ಜಿಲ್ಲೆಯಲ್ಲಿ ಕುಡಿಯುವ ನೀರನ್ನು ಇದಕ್ಕೆ ಬಳಸಿ ಎಂದು ನಾನು ಹೇಳಲಾರೆ. ಸಂಸ್ಕರಿಸಿದ ನೀರನ್ನು ಬಳಸುವ ದಾರಿಯನ್ನು ಮೊದಲು ಕಂಡುಕೊಳ್ಳಬೇಕು, ಸುರಕ್ಷತೆಗೆ ಗಾಳಿ ತುಂಬಿದ ಬೇಲಿಯನ್ನೂ ಆಂಬುಲೆನ್ಸನ್ನೂ ಖಚಿತಪಡಿಸಿಕೊಳ್ಳಬೇಕು. ಬೈಕು ಕೊಳ್ಳುವ ಮಾತು ಆಮೇಲೆ. ಸವಾರರ ವಿಷಯಕ್ಕೆ ಬಂದರೆ, ನಮ್ಮ ದೇಶದ ಮೋಟಾರು ಕ್ರೀಡಾ ಒಕ್ಕೂಟ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ ಸದಸ್ಯನೇ ಆಗಿರುವುದರಿಂದ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನ ಐಶ್ವರ್ಯ ಪಿಸ್ಸೆ ಅವರು 2019ರಲ್ಲಿ ಮಹಿಳೆಯರ ವಿಭಾಗದಲ್ಲಿ, ಕಚ್ಚಾ ಹಾದಿಯ ಓಟಗಳ ಬಾಜಾ ವಿಶ್ವಕಪ್ ಗೆದ್ದದ್ದು ಅದೇ ಒಕ್ಕೂಟದ ಸ್ಪರ್ಧೆಯಲ್ಲಿ. ಸ್ಪೀಡ್‌ವೇ ಕಲಿಯಲು ಮಾತ್ರ ಸದ್ಯಕ್ಕೆ ಯುರೋಪಿಗೋ ಆಸ್ಟ್ರೇಲಿಯಾಕ್ಕೋ ಹೋಗಿ, ಅಲ್ಲಿನ ತರಬೇತಿ ಟ್ರ್ಯಾಕುಗಳಲ್ಲಿ ಬಾಡಿಗೆ ಬೈಕಿನ ಮೇಲೆ ಬಿದ್ದು ಎದ್ದು ಕಲಿಯಬೇಕಾಗುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗನೊಬ್ಬನದು: ಕೊನೆಯ ಅರ್ಹ ಸ್ಥಾನಕ್ಕೆ ಇಬ್ಬರ ಅಂಕವೂ ಒಂದೇ ಆದರೆ ಏನು ಮಾಡುತ್ತಾರೆ? ಮರು ಓಟ ಮಾಡುತ್ತಾರೆ. ಇಪ್ಪತ್ತು ಹೀಟ್‌ಗಳೂ ಮುಗಿದ ಮೇಲೆ, ಆಗಲೇ ಹರಿದು ಹೋಗಿರುವ ನೆಲದ ಮೇಲೆ, ಇಬ್ಬರೇ ನಾಲ್ಕು ಸುತ್ತು ಓಡುತ್ತಾರೆ. 1973ರಲ್ಲಿ ಪೋಲೆಂಡಿನ ಹೊಜೂವ್‌ನಲ್ಲಿ ವಿಶ್ವ ಪ್ರಶಸ್ತಿಯೇ ಇಂಥ ಮರು ಓಟಕ್ಕೆ ಬಂದು ನಿಂತಿತ್ತು. ತಲಾ 13 ಅಂಕ ಗಳಿಸಿದ್ದ ಐವನ್ ಮಾಗರ್ ಮತ್ತು ಯೆಜಿ ಷ್ಚಾಕಿಯೆಲ್ ಎದುರಾದಾಗ, ಹಿಂದಿಕ್ಕಲು ಹೋದ ಮಾಗರ್ ಬಿದ್ದರು, ಷ್ಚಾಕಿಯೆಲ್ ಪೋಲೆಂಡಿನ ಮೊದಲ ವಿಶ್ವ ಚಾಂಪಿಯನ್ ಆದರು. ಅರ್ಹತಾ ಕೂಟದ ಮರು ಓಟದಲ್ಲಿ ಪ್ರಶಸ್ತಿಯೂ ಇಲ್ಲ, ವೇದಿಕೆಯೂ ಇಲ್ಲ. ಗೆದ್ದವನ ಹೆಸರು ಮುಂದಿನ ಕೂಟದ ಪಟ್ಟಿಗೆ ಸೇರುತ್ತದೆ. ಸೋತವನು ಮೀಸಲು ಸವಾರರ ಪಟ್ಟಿಗೆ ಹೋಗುತ್ತಾನೆ. ಅರ್ಹರಾದವರಲ್ಲಿ ಯಾರಾದರೂ ಗಾಯಗೊಂಡರೆ ಅವನಿಗೆ ಕರೆ ಬರುತ್ತದೆ, ಅಲ್ಲಿಯವರೆಗೆ ಅವನು ತನ್ನ ಬೈಕನ್ನು ಸಿದ್ಧವಾಗಿಟ್ಟುಕೊಂಡೇ ಇರಬೇಕು.